ದೆವ್ವ ಹುಡುಕಬೇಡಿ, ನೆಲ ಯಾರದು ಕೇಳಿ

ಐರಿಷ್ ಕಾದಂಬರಿಯಲ್ಲಿ ಗಾಥಿಕ್, ಅಂದರೆ ಹಳೆಯ ಮನೆ, ಭಯ, ಗುಟ್ಟುಗಳ ಸುತ್ತ ಹೆಣೆದ ಕಥೆಯ ಬಗೆ, ಪಾಠ ಮಾಡುವಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಇದರಲ್ಲಿ ದೆವ್ವಾನೇ ಇಲ್ವಲ್ಲ, ಗಾಥಿಕ್ ಹೇಗಾಯ್ತು?" ಉತ್ತರ ಪತ್ರಿಕೆಗಳಲ್ಲೂ ಅದೇ. ಪಾಳು ಕೋಟೆ, ಗುಡುಗು, ರಕ್ತ ಅಂತ ಪಟ್ಟಿ ಮಾಡುತ್ತಾರೆ. ಅವು ಸಿಗದಿದ್ದರೆ 'ಗಾಥಿಕ್ ಪ್ರಭಾವ ಕಡಿಮೆ' ಎಂದು ಷರಾ ಬರೆದುಬಿಡುತ್ತಾರೆ. ಓದಿದ್ದನ್ನು ಚೆನ್ನಾಗಿ ಹಿಡಿಯಬಲ್ಲ ಮಕ್ಕಳು ಹೀಗೆ ಬರೆದಾಗ ನನಗೆ ತಡೆಯಲಾಗುವುದಿಲ್ಲ.

ಐರಿಷ್ ಲೇಖಕಿ ಎಲಿಜಬೆತ್ ಬೊವೆನ್ ಅವರ 'ದ ಲಾಸ್ಟ್ ಸೆಪ್ಟೆಂಬರ್' (1929) ತೆಗೆದುಕೊಳ್ಳಿ. ಕಥೆ 1920ರದು. ಐರ್ಲೆಂಡಿನಲ್ಲಿ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದೆ. ಡೇನಿಯಲ್‌ಸ್ಟೌನ್ ಎಂಬ ಜಮೀನ್ದಾರರ ಮನೆಯಲ್ಲಿ ಟೆನಿಸ್ ಪಾರ್ಟಿಯೂ ನಡೆಯುತ್ತಿದೆ. ಆ ಮನೆಯ ಹುಡುಗಿ ಲೋಯಿಸ್ ಒಂದು ರಾತ್ರಿ ಪೊದೆಗಳ ನಡುವೆ ಒಬ್ಬಳೇ ನಡೆಯುತ್ತಾಳೆ. ಕತ್ತಲು ಅಲುಗಿದಂತಾಗುತ್ತದೆ. ಈಗ ದೆವ್ವ ಕಾಣಿಸುತ್ತದೆ ಅಂದುಕೊಳ್ಳುತ್ತಾಳೆ. ಆಮೇಲೆ ಹೆಜ್ಜೆ ಸಪ್ಪಳ, ಟ್ರೆಂಚ್ ಕೋಟಿಗೆ ಕೊಂಬೆ ಸವರುವ ಸದ್ದು. ಒಬ್ಬ ಮನುಷ್ಯ ಅವಳನ್ನು ಗಮನಿಸದೆ ಬಿರಬಿರನೆ ಹಾದುಹೋಗುತ್ತಾನೆ. ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲಿ. ದೆವ್ವ ಬರಬೇಕಾದ ಜಾಗಕ್ಕೆ ಬಂದವನು ಯಾರು? ಈ ನೆಲ ನಮ್ಮದು ಅನ್ನುವ ಬಂಡುಕೋರ. ಆ ತೋಟದಲ್ಲಿ ಅವನು ಅನುಮತಿ ಕೇಳದೆ ನಡೆಯುತ್ತಾನೆ. ಇಂಥ ಮನೆತನಗಳಲ್ಲಿ ಎಷ್ಟೋ ಜನರಿಗೆ ಜಮೀನು ಸಿಕ್ಕಿದ್ದು ಇಂಗ್ಲಿಷರ ದಂಡಯಾತ್ರೆಗಳಿಂದ. ಬೊವೆನ್ ಅವರ ಪೂರ್ವಜನೇ, ಹದಿನೇಳನೇ ಶತಮಾನದಲ್ಲಿ ಐರ್ಲೆಂಡಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಸೇನೆಯ ಜೊತೆ ಬಂದವನು. ಆ ಮಾತನ್ನು ಊಟದ ಮೇಜಿನ ಮೇಲೆ ಯಾರೂ ಎತ್ತುವುದಿಲ್ಲ. ಅದು ಪೊದೆಯ ಹಿಂದೆ ಎದುರಾಗುತ್ತದೆ. ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸೈನ್ಯದ ಲಾರಿ ಸದ್ದು ಕೇಳಿಸಿದ ಮೇಲೂ ಇವರು ಪಾರ್ಟಿ ನಿಲ್ಲಿಸಲ್ವಲ್ಲ ಮೇಡಂ, ಅದೇ ಜಾಸ್ತಿ ಭಯ ಆಗುತ್ತೆ" ಅಂದ. ಅವನಿಗೆ ಕಾದಂಬರಿ ಸಿಕ್ಕಿತ್ತು.

ಬೊವೆನ್‌ಗೆ ಈ ದಾರಿ ಹೊಸದೇನಲ್ಲ. ಡಬ್ಲಿನ್‌ನ ಶೆರಿಡನ್ ಲೆ ಫಾನು ಬರೆದ 'ಅಂಕಲ್ ಸೈಲಸ್' (1864) ಇಂಗ್ಲೆಂಡಿನ ಮನೆಯ ಕಥೆ. ಅದಕ್ಕೆ 1947ರಲ್ಲಿ ಮುನ್ನುಡಿ ಬರೆದ ಬೊವೆನ್, ಇದು ಇಂಗ್ಲೆಂಡಿಗೆ ತಂದಿಟ್ಟ ಐರಿಷ್ ಕಥೆ ಎಂದು ವಾದಿಸಿದರು.

ಇನ್ನೊಬ್ಬ ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನಲ್ಲಿ ದೆವ್ವ ಇದೆಯಲ್ಲ ಅನ್ನುತ್ತೀರಾ? ಇದೆ. 'ಯುಲಿಸಿಸ್'ನಲ್ಲಿ (1922) ಸ್ಟೀಫನ್‌ನ ಸತ್ತ ತಾಯಿ ಬರುತ್ತಾಳೆ. ಬಂದು ಪಶ್ಚಾತ್ತಾಪ ಪಡು ಅನ್ನುತ್ತಾಳೆ. ಸಾಯುವಾಗ ಮಂಡಿಯೂರಿ ಪ್ರಾರ್ಥಿಸು ಅಂದಿದ್ದಳು, ಮಗ ಒಪ್ಪಿರಲಿಲ್ಲ. ಅಲ್ಲೂ ಬಾಕಿ ಉಳಿದದ್ದೇ ಎದ್ದು ಬರುವುದು. ಹಾಗಂತ ಕತ್ತಲಿದ್ದ ಕಡೆಯೆಲ್ಲ ಗಾಥಿಕ್ ಎಂದು ಬರೆಯಬೇಡಿ. ಯಾರದೋ ಹಕ್ಕು, ಯಾರದೋ ತಪ್ಪು ತೀರದೆ ಉಳಿದಿದೆಯಾ ನೋಡಿ, ಆಮೇಲೆ ಬರೆಯಿರಿ.

ಮೊದಲ ಸಲ ಓದುವವರು ಜಾಯ್ಸ್‌ನ 'ಡಬ್ಲಿನರ್ಸ್' (1914) ಕಥಾ ಸಂಕಲನದ 'ದ ಸಿಸ್ಟರ್ಸ್'ನಿಂದ ಶುರುಮಾಡಿ. ಕೆಲವೇ ಪುಟ. ಸತ್ತ ಪಾದ್ರಿಯ ಮುಖ ಕತ್ತಲಲ್ಲಿ ಹುಡುಗನಿಗೆ ಕಾಣಿಸುತ್ತದೆ, ಏನನ್ನೋ ಒಪ್ಪಿಕೊಳ್ಳಲು ಹೊರಟಂತೆ. ಅದೇನೆಂದು ಜಾಯ್ಸ್ ಹೇಳುವುದಿಲ್ಲ. ದಯವಿಟ್ಟು ಗೈಡ್‌ಗಳಲ್ಲಿ ಉತ್ತರ ಹುಡುಕಬೇಡಿ.