ಗೇಮಿಂಗ್ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಮುಂದೆ ಬದಲಾಯಿಸಬಹುದೇ?

ಪ್ರಶ್ನೆ: ಬಜೆಟ್ ಸ್ವಲ್ಪ ಕಡಿಮೆ ಇದೆ. ಈಗ 4 ಜಿಬಿಯ ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪ್ ತಗೊಂಡು, ಎರಡು ವರ್ಷ ಬಿಟ್ಟು ಗ್ರಾಫಿಕ್ಸ್ ಕಾರ್ಡ್ ಮಾತ್ರ ದೊಡ್ಡದು ಹಾಕಿಸಿಕೊಳ್ಳಬಹುದಾ?

ಉತ್ತರ: ಆಗುವುದಿಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೂ ಇದೇ ಉತ್ತರ. ಹಣ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಒಂದು ವಿಷಯದಲ್ಲಿ ಆಮೇಲೆ ಸರಿಪಡಿಸಿಕೊಳ್ಳುವ ದಾರಿ ಇಲ್ಲ.

ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದು ಪ್ರತ್ಯೇಕ ಹಲಗೆ. ಸ್ಲಾಟಿನಿಂದ ಕಿತ್ತು ಬೇರೆಯದನ್ನು ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಿ 'ಕಾರ್ಡ್' ಅನ್ನುವುದು ಹೆಸರಿಗಷ್ಟೇ. ಗ್ರಾಫಿಕ್ಸ್ ಚಿಪ್ಪನ್ನು ತವರದ ನೂರಾರು ಪುಟ್ಟ ಗುಂಡುಗಳಿಂದ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದರ ಸುತ್ತ ವಿಡಿಯೊ ಮೆಮೊರಿಯ ಚಿಪ್‌ಗಳು, ಪಕ್ಕದಲ್ಲಿ ಅದಕ್ಕೆ ಕರೆಂಟ್ ಒದಗಿಸುವ ಭಾಗಗಳು, ಮೇಲೆ ಸಾಮಾನ್ಯವಾಗಿ ಪ್ರೊಸೆಸರಿಗೂ ಇದಕ್ಕೂ ಸೇರಿ ಹಾಕಿದ, ಶಾಖ ಸಾಗಿಸುವ ತಾಮ್ರದ ಹೀಟ್‌ಪೈಪ್‌ಗಳು. ಎಲ್ಲವೂ ಆ ಒಂದು ಚಿಪ್ಪಿನ ಅಳತೆಗೆ, ಅದು ತಿನ್ನುವ ವ್ಯಾಟ್‌ಗೆ ಕಟ್ಟಿದ್ದು.

'ಹಳೆ ಚಿಪ್ ಕಿತ್ತು ಹೊಸದು ಹಾಕಿದರಾಯಿತಲ್ಲ?' ಎಂದು ಕೇಳುವವರಿದ್ದಾರೆ. ರಿಪೇರಿಯವರು ಬಿಸಿಗಾಳಿ ಕೊಟ್ಟು ಚಿಪ್ ತೆಗೆದು ಮತ್ತೆ ಕೂರಿಸುವುದು ನಿಜ. ಆದರೆ ಅದು ಕೆಟ್ಟ ಚಿಪ್ಪಿನ ಜಾಗಕ್ಕೆ ಅದೇ ಜಾತಿಯ ಚಿಪ್ ಹಾಕುವ ಕೆಲಸ. 3050ರ ಜಾಗದಲ್ಲಿ ಅದಕ್ಕಿಂತ ದೊಡ್ಡದಾದ ಆರ್‌ಟಿಎಕ್ಸ್ 4060 ಹಾಕಿ ಕೆಲಸ ಮಾಡಿಸಲಾಗದು. ಕಾರ್ಡಿನ ಬಯೋಸ್ (ಅದನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್), ವಿದ್ಯುತ್ ಮಿತಿ ಹೊಂದುವುದಿಲ್ಲ. ಯಾರಾದರೂ 'ಮಾಡಿಕೊಡ್ತೀವಿ' ಅಂದರೆ ಅವರು ಹೇಳುತ್ತಿರುವುದು ಬಹುಶಃ ಇಡೀ ಮದರ್‌ಬೋರ್ಡ್ ಬದಲಾಯಿಸುವುದನ್ನು. ಅದೇ ಮಾಡೆಲಿನ ದೊಡ್ಡ ಕಾರ್ಡಿನ ಬೋರ್ಡ್ ಸಿಕ್ಕರೂ ಅದರ ಜೊತೆ ಹೀಟ್‌ಸಿಂಕ್ (ಚಿಪ್ಪಿನ ಶಾಖ ಹೀರುವ ಲೋಹದ ಭಾಗ), ಫ್ಯಾನ್, ಹೆಚ್ಚು ವ್ಯಾಟಿನ ಚಾರ್ಜರ್ ಬೇಕಾಗುತ್ತದೆ. ಅಷ್ಟಕ್ಕೆ ಹಾಕುವ ಹಣಕ್ಕೆ ಹಳೆಯದನ್ನು ಮಾರಿ ಹೊಸದು ಕೊಳ್ಳುವುದೇ ವಾಸಿ.

ಹಿಂದೆ ಬದಲಾಯಿಸಬಹುದಾದ ಲ್ಯಾಪ್‌ಟಾಪ್‌ಗಳು ಇದ್ದವು. ಎಮ್‌ಎಕ್ಸ್‌ಎಮ್ ಎಂಬ ಮಾದರಿಯಲ್ಲಿ ಗ್ರಾಫಿಕ್ಸ್ ಒಂದು ಸಣ್ಣ ಹಲಗೆಯಾಗಿ ಬರುತ್ತಿತ್ತು. ದೊಡ್ಡ ಗಾತ್ರದ್ದು 82 ಮಿ.ಮೀ. ಅಗಲ, 105 ಮಿ.ಮೀ. ಉದ್ದ. ಕ್ಲೆವೊ, ಎಮ್‌ಎಸ್‌ಐ ಕಂಪನಿಗಳ ದಪ್ಪನೆಯ ಮಾಡೆಲ್‌ಗಳಲ್ಲಿ ಇದು ಕಾಣುತ್ತಿತ್ತು. ಆಗಲೂ ಹೀಟ್‌ಸಿಂಕಿನ ಸ್ಕ್ರೂ ತೂತುಗಳು ಹೊಂದದೆ, ಬಯೋಸ್ ಹೊಸ ಕಾರ್ಡನ್ನು ಗುರುತಿಸದೆ ಜನ ಒದ್ದಾಡಿದ್ದುಂಟು. 2019ರಲ್ಲಿ ಏಲಿಯನ್‌ವೇರ್ ಏರಿಯಾ-51ಎಮ್ ತನ್ನದೇ ಮಾದರಿಯ ಬದಲಾಯಿಸಬಹುದಾದ ಕಾರ್ಡಿನೊಂದಿಗೆ ಬಂತು. ಮರುವರ್ಷ ಬಂದ ಆರ್2 ಮಾಡೆಲಿನ ಹೊಸ ಕಾರ್ಡ್‌ಗಳು ಹಳೆಯದಕ್ಕೆ ಸಿಗಲಿಲ್ಲ. 'ಅಪ್‌ಗ್ರೇಡ್ ಮಾಡಬಹುದು' ಎಂಬ ಮಾತನ್ನು ನಂಬಿ ಹಣ ಹಾಕಬೇಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸದ್ಯಕ್ಕೆ ಮಾತು ಉಳಿಸಿಕೊಂಡದ್ದು ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16. ಅದರ ಹಿಂಭಾಗದ ಗ್ರಾಫಿಕ್ಸ್ ಮಾಡ್ಯೂಲನ್ನು ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲೇ ತೆಗೆಯಬಹುದು. ಮೊದಲು ಬಂದದ್ದು ರೇಡಿಯಾನ್ ಆರ್‌ಎಕ್ಸ್ 7700ಎಸ್. 2025ರಲ್ಲಿ ಆರ್‌ಟಿಎಕ್ಸ್ 5070 ಮಾಡ್ಯೂಲ್ ಪ್ರಕಟವಾಯಿತು, ಅದು ಹಳೆಯ ಲ್ಯಾಪ್‌ಟಾಪಿಗೂ ಕೂರುತ್ತದೆ.

ಇನ್ನು ಹೊರಗಿನ ಕಾರ್ಡ್, ಅಂದರೆ ಇ-ಜಿಪಿಯು. ಡೆಸ್ಕ್‌ಟಾಪ್ ಕಾರ್ಡನ್ನು ಒಂದು ಡಾಕ್‌ನಲ್ಲಿಟ್ಟು ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸುವುದು. ಇದಕ್ಕೆ ಥಂಡರ್‌ಬೋಲ್ಟ್ (3 ಅಥವಾ ಅದಕ್ಕಿಂತ ಹೊಸದು), ಯುಎಸ್‌ಬಿ4 ಅಥವಾ ಆಕ್ಯುಲಿಂಕ್ ಎಂಬ ವೇಗದ ಪೋರ್ಟ್ ಬೇಕು. ಟೈಪ್-ಸಿ ತೂತು ಇದ್ದಮಾತ್ರಕ್ಕೆ ಆಗದು. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರೀ 5 ಅಥವಾ 10 ಗಿಗಾಬಿಟ್‌ನ ಸಾಮಾನ್ಯ ಯುಎಸ್‌ಬಿ ಆಗಿರುತ್ತದೆ. ಪೋರ್ಟ್ ಪಕ್ಕ ಮಿಂಚಿನ ಆಕಾರದ ಬಾಣ ಇದ್ದರೆ ಥಂಡರ್‌ಬೋಲ್ಟ್. ಬ್ಯಾಟರಿಯ ಚಿತ್ರದೊಳಗೆ ಮಿಂಚಿದ್ದರೆ ಅದು ಚಾರ್ಜಿಂಗಿನ ಗುರುತು. ಥಂಡರ್‌ಬೋಲ್ಟ್ 4ರ ವೇಗ ಸೆಕೆಂಡಿಗೆ 40 ಗಿಗಾಬಿಟ್. ಆಕ್ಯುಲಿಂಕ್ ಪೋರ್ಟಿನಲ್ಲಿ 64. ಈ ವೇಗ ಕಡಿಮೆಯಾದಷ್ಟೂ ಕಾರ್ಡಿನ ಶಕ್ತಿ ಸೋರಿಹೋಗುತ್ತದೆ. ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಗೇ ವಾಪಸ್ ಕಳಿಸಿದರೆ ನಷ್ಟ ಇನ್ನೂ ಹೆಚ್ಚು, ಹಾಗಾಗಿ ಮಾನಿಟರನ್ನು ನೇರವಾಗಿ ಆ ಕಾರ್ಡಿಗೇ ಜೋಡಿಸಬೇಕು. ಡಾಕ್, ಕಾರ್ಡ್, 550 ವ್ಯಾಟಿನ ಪವರ್ ಸಪ್ಲೈ, ಮಾನಿಟರ್ ಎಲ್ಲ ಸೇರಿಸಿದರೆ ಡೆಸ್ಕ್‌ಟಾಪಿನ ಅರ್ಧ ದಾರಿ ಬಂದ ಹಾಗೆ. 3050 ಲ್ಯಾಪ್‌ಟಾಪಿಗೆ ಇಷ್ಟು ಖರ್ಚು ಮಾಡಿ ಎಂದು ನಾವು ಹೇಳುವುದಿಲ್ಲ.

ಹಾಗಾದರೆ ಈ ಬಜೆಟ್ಟಿನಲ್ಲಿ ಏನು ಮಾಡಬೇಕು? ಆಮೇಲೆ ಹಾಕಿಸಬಹುದಾದ್ದರಲ್ಲಿ ಈಗ ಉಳಿಸಿ, ಆ ಹಣವನ್ನು ಗ್ರಾಫಿಕ್ಸ್‌ಗೆ ಹಾಕಿ. 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಜೊತೆಗೆ 3050 ಕೊಳ್ಳುವುದಕ್ಕಿಂತ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿಯ 4060 ಒಳ್ಳೆಯದು. ಒಂದೇ ಷರತ್ತು: ರ‍್ಯಾಮ್ ಬೆಸೆದಿರಬಾರದು, ಒಂದು ಸ್ಲಾಟ್ ಖಾಲಿ ಇರಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟಿನಲ್ಲಿ ಎಷ್ಟು ಬಳಕೆಯಾಗಿದೆ ಎಂದು ಕಾಣುತ್ತದೆ. ಮುಂದೆ ಅದೇ ಅಳತೆಯ ಇನ್ನೊಂದು ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ ಆಗಿ (ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡಿ) ಆಟದ ನಡುವೆ ತಡವರಿಸುವುದು ಕಡಿಮೆಯಾಗುತ್ತದೆ. ಡಿಡಿಆರ್4, ಡಿಡಿಆರ್5 ಸ್ಟಿಕ್‌ಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನೋಡಿಕೊಂಡು ತನ್ನಿ.

ವಿಡಿಯೊ ಮೆಮೊರಿ ಕನಿಷ್ಠ 8 ಜಿಬಿ ಇರಲಿ. 4 ಜಿಬಿ ತುಂಬಿದಾಗ ಉಳಿದ ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ನಿಧಾನದ ರ‍್ಯಾಮಿಗೆ ಹೋಗಿಬರುತ್ತವೆ, ಆಟ ತಟ್ಟನೆ ಜಗ್ಗುತ್ತದೆ. ಹಾಗೆಯೇ ವ್ಯಾಟ್ ಕೇಳಲು ಮರೆಯಬೇಡಿ. ಲ್ಯಾಪ್‌ಟಾಪಿನ 4060ಕ್ಕೆ ಕಂಪನಿಗಳು 35ರಿಂದ 115 ವ್ಯಾಟ್‌ವರೆಗೆ ಏನನ್ನಾದರೂ ಕೊಡಬಹುದು. ಸ್ಟಿಕ್ಕರ್ ಎಲ್ಲದಕ್ಕೂ ಒಂದೇ. 45 ವ್ಯಾಟಿನ ತೆಳು ಲ್ಯಾಪ್‌ಟಾಪಿಗೂ 115 ವ್ಯಾಟಿನದಕ್ಕೂ ಆಟದಲ್ಲಿ ದೊಡ್ಡ ಅಂತರ ಇರುತ್ತದೆ. ಮಾಡೆಲಿನ ಪೂರ್ಣ ವಿವರದಲ್ಲಿ ಟಿಜಿಪಿ (ಗ್ರಾಫಿಕ್ಸಿಗೆ ಸಿಗುವ ಒಟ್ಟು ವ್ಯಾಟ್) ಎಂದು ಬರೆದಿರುವುದನ್ನು ಹುಡುಕಿ. ಅಂಗಡಿಯಲ್ಲಿ ಚಾಲೂ ಮಾಡಿದ ಲ್ಯಾಪ್‌ಟಾಪ್ ಇದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ಮಾಹಿತಿಯಲ್ಲೂ ಸಿಗುತ್ತದೆ.

ಈಗಾಗಲೇ 3050 ಕೊಂಡುಬಿಟ್ಟವರು ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿಯಲ್ಲಿ ಚಿಪ್ಪಿಗೆ ಸಿಗುವ ವ್ಯಾಟ್ ಬಹಳ ಇಳಿಯುತ್ತದೆ. ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ, ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡಿ ಆಟದ ವೇಗ ಹೆಚ್ಚಿಸುವ ಎನ್ವಿಡಿಯಾ ಸೌಲಭ್ಯ) ಆನ್ ಮಾಡಿ. ಒಂದೆರಡು ವರ್ಷ ಕಳೆದಿದ್ದರೆ ಫ್ಯಾನಿನ ಧೂಳು ತೆಗೆಸಿ, ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿ. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ನಿಮ್ಮ ಮಾಡೆಲಿನಲ್ಲಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಇದ್ದರೆ ಮಾತ್ರ ಹೀಟ್‌ಸಿಂಕ್ ಎತ್ತಬೇಡಿ. ಅದು ಕರೆಂಟ್ ಹರಿಸುವ ಲೋಹ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಅದನ್ನು ಸರ್ವಿಸ್ ಸೆಂಟರಿಗೇ ಕೊಡಿ.