ಕರೆಂಟ್ ಬಿಲ್ ಏರಿಸುವುದು ದೆಹಲಿಯೋ, ವಿಧಾನಸೌಧವೋ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಗೀಸರ್, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಸೇರಿ ತಿಂಗಳಿಗೆ 200 ಯೂನಿಟ್ ದಾಟಿಯೇ ದಾಟುತ್ತದೆ. ಪಕ್ಕದ ಮನೆಯವರಿಗೆ ಸೊನ್ನೆ ಬಿಲ್. ಅವರ ಗೃಹಜ್ಯೋತಿಯ ದುಡ್ಡನ್ನು ದರ ಏರಿಸಿ ನಮ್ಮಿಂದ ಕೀಳುತ್ತಿದ್ದಾರೆ ಎನ್ನುತ್ತಾರೆ. ಇಲ್ಲ, ಎಲ್ಲವೂ ಕೇಂದ್ರದ ಕೆಲಸ ಎನ್ನುವವರೂ ಇದ್ದಾರೆ. ಯಾವುದು ನಿಜ?

ಉತ್ತರ: ಬಡಾವಣೆಯ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಹಲವು ಬಾರಿ ಉತ್ತರಿಸಿದ್ದೇನೆ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ದರ ನಿಗದಿ ಮಾಡುವುದು ದೆಹಲಿಯೂ ಅಲ್ಲ, ವಿಧಾನಸೌಧವೂ ಅಲ್ಲ, ಬೆಸ್ಕಾಂ ಕೂಡ ಅಲ್ಲ. ವಸಂತನಗರದಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಬೆಸ್ಕಾಂ ತನ್ನ ಖರ್ಚಿನ ಲೆಕ್ಕ ಹಾಕಿ ಅರ್ಜಿ ಸಲ್ಲಿಸುತ್ತದೆ, ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ಆಯೋಗದ ಸದಸ್ಯರನ್ನು ನೇಮಿಸುವುದು ರಾಜ್ಯ ಸರ್ಕಾರವೇ ಅಲ್ಲವೇ ಎಂದು ಕೇಳುತ್ತೀರಿ. ಹೌದು. ಆದರೆ ಹೆಸರು ಶಿಫಾರಸು ಮಾಡುವ ಸಮಿತಿಗೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು. ಅದರಲ್ಲಿ ರಾಜ್ಯದ ಮುಖ್ಯ ಕಾರ್ಯದರ್ಶಿಯ ಜೊತೆಗೆ ಕೇಂದ್ರದ ವಿದ್ಯುತ್ ಸಂಸ್ಥೆಯೊಂದರ ಅಧ್ಯಕ್ಷರೂ ಕೂರುತ್ತಾರೆ. 2003ರ ವಿದ್ಯುತ್ ಕಾಯ್ದೆಯ ವ್ಯವಸ್ಥೆ ಇದು.

ಇನ್ನು ಗೃಹಜ್ಯೋತಿಯ ಕಥೆ. ಎಷ್ಟು ಸಲ ಹೇಳಿದರೂ ಮತ್ತೆ ತಲೆಯೆತ್ತುವ ನಂಬಿಕೆ ಇದು. ಆದ್ದರಿಂದ ದಿನಾಂಕಗಳನ್ನೇ ಮುಂದಿಡುತ್ತೇನೆ.

2023ರಲ್ಲಿ ವಿಧಾನಸಭೆಗೆ ಮತದಾನ ನಡೆದದ್ದು ಮೇ 10ರಂದು, ಫಲಿತಾಂಶ ಬಂದದ್ದು ಮೇ 13ರಂದು. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿದ ಕೆಇಆರ್‌ಸಿ ಆದೇಶ ಹೊರಬಿದ್ದದ್ದು ಮೇ 12ರಂದು. ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿರದ ದಿನ ಅದು. ಆ ಆದೇಶಕ್ಕೆ ಕಾರಣವಾದ ಅರ್ಜಿಗಳು ಸಲ್ಲಿಕೆಯಾದದ್ದು ಚುನಾವಣೆಗೆ ಎಷ್ಟೋ ತಿಂಗಳು ಮೊದಲು. ಆದೇಶ ಏಪ್ರಿಲ್ 1ರಿಂದಲೇ ಅನ್ವಯ ಎಂದದ್ದರಿಂದ ಹಿಂದಿನ ಬಾಕಿಯೂ ಸೇರಿ ಜೂನ್ ಬಿಲ್ ಉಬ್ಬಿಕೊಂಡು ಬಂತು. ಅದೇ ಜೂನ್ 2ರಂದು ಹೊಸ ಸರ್ಕಾರ ಗ್ಯಾರಂಟಿಗಳನ್ನು ಘೋಷಿಸಿತು. ಘೋಷಣೆ ಕಿವಿಗೆ ಬಿದ್ದ ತಿಂಗಳೇ ಬಿಲ್ ಕೈಗೆ ಬಂದಾಗ ಜನ ಎರಡನ್ನೂ ಗಂಟು ಹಾಕಿದರು. ಆ ಗಂಟು ಇಂದಿಗೂ ಬಿಚ್ಚಿಲ್ಲ. ಗೃಹಜ್ಯೋತಿ ಲೆಕ್ಕಕ್ಕೆ ಬಂದದ್ದು ಜುಲೈ ಬಳಕೆಯಿಂದ, ಸೊನ್ನೆ ಬಿಲ್ ಮನೆಗೆ ಬಂದದ್ದು ಆಗಸ್ಟ್‌ನಲ್ಲಿ.

ಮುಂದೆ ನಡೆದದ್ದನ್ನೂ ನೋಡಿ. 2023ರ ಆದೇಶದ ಪ್ರಕಾರ ಬಳಕೆ 100 ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ಪಕ್ಕದ ಮನೆಯ ಖರ್ಚನ್ನು ನಿಮ್ಮ ಮೇಲೆ ಹೇರುವ ಉದ್ದೇಶವಿದ್ದರೆ ಈ ದರ ಮರುವರ್ಷ ಇನ್ನೂ ಮೇಲೆ ಹೋಗಬೇಕಿತ್ತು. 2024ರ ಫೆಬ್ರುವರಿಯ ಆದೇಶದಲ್ಲಿ ಅದು 5 ರೂಪಾಯಿ 90 ಪೈಸೆಗೆ ಇಳಿಯಿತು, ಹಂತಗಳೇ ರದ್ದಾದವು. 2025–26ಕ್ಕೆ ಇನ್ನೂ 10 ಪೈಸೆ ಇಳಿದು 5 ರೂಪಾಯಿ 80 ಪೈಸೆಯಾಯಿತು. ಗೃಹಜ್ಯೋತಿ ಜಾರಿಯಲ್ಲಿರುವಾಗಲೇ, ನಿಮ್ಮಂತೆ ಹೆಚ್ಚು ಬಳಸುವವರಿಗೆ ಬಳಕೆ ಶುಲ್ಕ ಇಳಿದಿದೆ. ಇದನ್ನು ಹೇಳಿದಾಗ ನಂಬದವರಿಗೆ ಹಳೆಯ ಬಿಲ್ ತೆಗೆದು ನೋಡಿ ಎನ್ನುತ್ತೇನೆ. ಮೀಟರ್ ಓದುವವರು ಕೊಡುವ ತೆಳು ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಸೊನ್ನೆ ಬಿಲ್ಲಿನ ಹಣ ಕೊಡುವವರು ಯಾರು? ರಾಜ್ಯದ ಬೊಕ್ಕಸ. ವಿದ್ಯುತ್ ಕಾಯ್ದೆಯ 65ನೇ ಕಲಮಿನ ಪ್ರಕಾರ, ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆಂದರೆ ರಾಜ್ಯ ಸರ್ಕಾರ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಹಣ ತಡವಾದರೆ ವಿತರಣಾ ಕಂಪನಿ ಸಾಲ ಮಾಡಬೇಕಾಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ರಾಜ್ಯದ ತೆರಿಗೆದಾರರಾಗಿ ಈ ಖರ್ಚು ಬೇಕೇ ಬೇಡವೇ ಎಂದು ವಾದಿಸುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಆ ವಾದ ನಡೆಯಬೇಕಾದದ್ದು ಬಜೆಟ್ಟಿನ ಪುಟಗಳ ಮೇಲೆ, ಬೆಸ್ಕಾಂ ಬಿಲ್ಲಿನ ಮೇಲಲ್ಲ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವ ಪದ್ಧತಿ ದರದಲ್ಲಿ ಇಲ್ಲವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ. ಅಂಗಡಿ, ಕಾರ್ಖಾನೆಗಳ ದರದಿಂದ ಉಳಿದವರ ದರವನ್ನು ಸರಿದೂಗಿಸುವುದು ಗೃಹಜ್ಯೋತಿಗಿಂತ ಬಹಳ ಹಳೆಯದು.

ಈ ಸುಳ್ಳು ನಂಬಿಕೆಯ ಮೇಲೆ ನನಗೆ ಇಷ್ಟು ಬೇಸರವೇಕೆಂದರೆ, ಅದು ನಿಜವಾಗಿ ಸಿಟ್ಟಾಗಬೇಕಾದ ಸಾಲುಗಳಿಂದ ನಿಮ್ಮ ಕಣ್ಣನ್ನು ಬೇರೆಡೆಗೆ ತಿರುಗಿಸುತ್ತದೆ. ಮಂಜೂರಾದ ಲೋಡ್ 3 ಕಿಲೋವಾಟ್, ಬಳಕೆ 210 ಯೂನಿಟ್ ಇರುವ ಮನೆಯನ್ನು ತೆಗೆದುಕೊಳ್ಳಿ. 2025–26ರ ದರದಲ್ಲಿ ಬಳಕೆ ಶುಲ್ಕ 1,218 ರೂಪಾಯಿ. ಅದರ ಮೇಲೆ ರಾಜ್ಯದ ತೆರಿಗೆ 9%, ಸುಮಾರು 110 ರೂಪಾಯಿ. ನಿಗದಿತ ಶುಲ್ಕ ಕಿಲೋವಾಟ್‌ಗೆ 145ರಂತೆ 435 ರೂಪಾಯಿ. ಹಿಂದಿನ ವರ್ಷ ಇದು 120ರ ಲೆಕ್ಕದಲ್ಲಿ 360 ಇತ್ತು. ಬಳಕೆ ದರದಲ್ಲಿ 10 ಪೈಸೆ ಇಳಿಸಿ ಈ ಮನೆಗೆ ಉಳಿಸಿದ್ದು 21 ರೂಪಾಯಿ, ನಿಗದಿತ ಶುಲ್ಕದಲ್ಲಿ ಏರಿಸಿದ್ದು 75 ರೂಪಾಯಿ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಈ 435 ತಪ್ಪುವುದಿಲ್ಲ. ಇದರ ಕೆಳಗೆ ಯೂನಿಟ್‌ಗೆ 36 ಪೈಸೆಯ ಇನ್ನೊಂದು ಸಾಲಿದೆ; 210 ಯೂನಿಟ್‌ಗೆ 75 ರೂಪಾಯಿ 60 ಪೈಸೆ. ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್ ಮತ್ತು ಬೆಸ್ಕಾಂನಂತೆ ಮನೆಮನೆಗೆ ಹಂಚುವ ಎಸ್ಕಾಂಗಳ ನೌಕರರ ಪಿಂಚಣಿ, ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲನ್ನು ಗ್ರಾಹಕರಿಂದಲೇ ವಸೂಲಿ ಮಾಡಲು 2025ರ ಮಾರ್ಚ್‌ನಲ್ಲಿ ಆಯೋಗ ಒಪ್ಪಿದ್ದರಿಂದ ಬಂದದ್ದು ಇದು. ಸರ್ಕಾರದ ಹೊರೆ ನೇರವಾಗಿ ನಿಮ್ಮ ಬಿಲ್ಲಿಗೆ ಇಳಿದದ್ದು ಇಲ್ಲಿ. ಪಕ್ಕದ ಮನೆಯವರ ಸೊನ್ನೆ ಬಿಲ್ ನೋಡಿ ಹೊಟ್ಟೆ ಉರಿಸಿಕೊಳ್ಳುವವರಲ್ಲಿ ಈ ಸಾಲಿನ ಬಗ್ಗೆ ಕೇಳಿದವರು ಬಹಳ ಕಡಿಮೆ. ವಿಚಾರಣೆಗಳಿಗೆ ಕೈಗಾರಿಕಾ ಸಂಘಗಳು ಕಡತ ಹಿಡಿದು ಬರುತ್ತವೆ. ನಮ್ಮ ಬಡಾವಣೆಗಳ ಸಂಘಗಳೂ ಬರಬೇಕು.

ಕೇಂದ್ರದ ಪಾತ್ರ ಇಲ್ಲವೆಂದಲ್ಲ. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ದೆಹಲಿ ನಿಮ್ಮ ದರ ಬರೆಯುವುದಿಲ್ಲ, ದರಕ್ಕೆ ಬೇಕಾದ ಸರಕಿನ ಬೆಲೆಯನ್ನು ಹಿಡಿದುಕೊಂಡಿದೆ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ 1,720 ಮೆಗಾವಾಟ್, ಬಳ್ಳಾರಿಯ 1,700 ಮೆಗಾವಾಟ್ ಸ್ಥಾವರಗಳಿಗೆ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲೇ ಬರಬೇಕು. ಸಾಗಣೆ ದರ ರೈಲ್ವೆಯದು, ತೆರಿಗೆ ಜಿಎಸ್‌ಟಿ ಮಂಡಳಿಯದು. ಟನ್‌ಗೆ 400 ರೂಪಾಯಿಯ ಸೆಸ್ ವರ್ಷಗಟ್ಟಲೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಹೋಗಿ ಜಿಎಸ್‌ಟಿ 5%ರಿಂದ 18%ಕ್ಕೆ ಏರಿತು. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರ ನಮ್ಮ ನೆಲದಲ್ಲೇ ಇದ್ದರೂ ಕೇಂದ್ರ ಸರ್ಕಾರದ ಕಂಪನಿಯಾದ ಎನ್‌ಟಿಪಿಸಿಯದು. ಅಲ್ಲಿನ ದರ ನಿಗದಿ ಮಾಡುವುದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಖರೀದಿ ವೆಚ್ಚ ಏರಿಳಿದಾಗ ಅದನ್ನು ಬೇಗನೆ ಗ್ರಾಹಕರಿಗೆ ದಾಟಿಸುವ ವ್ಯವಸ್ಥೆ ಇರಬೇಕೆಂದು 2022ರ ಡಿಸೆಂಬರ್‌ನಲ್ಲಿ ಕೇಂದ್ರವೇ ನಿಯಮ ತಂದಿತು. ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂದು ಕಾಣುವುದು ಅದೇ. ವೆಚ್ಚ ಅಂದಾಜಿಗಿಂತ ಇಳಿದರೆ ಆ ಸಾಲು ನಿಮಗೆ ಹಣ ಮರಳಿಸಲೂಬಹುದು.

ನಿಮ್ಮಂತಹ ಮನೆಗೆ ಕೇಂದ್ರದ ಇನ್ನೊಂದು ಯೋಜನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸ್ವಂತ ತಾರಸಿ ಇದ್ದರೆ, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟ್ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಸೊನ್ನೆ ಬಿಲ್ಲಿನ ಮನೆಗೆ ಇದರ ಆಸೆ ಹುಟ್ಟುವುದಿಲ್ಲ, ಸಹಜವೇ. ಒಂದು ಸರ್ಕಾರದ ಉಚಿತ ಇನ್ನೊಂದು ಸರ್ಕಾರದ ಸಹಾಯಧನವನ್ನು ಮಂಕಾಗಿಸುವುದು ಹೀಗೆ.

ನೀವು ಕೇಳಲಿಲ್ಲ, ಆದರೂ ಇದೇ ಗೊಂದಲ ಆಸ್ಪತ್ರೆಯ ಬಾಗಿಲಲ್ಲಿ ಇನ್ನೂ ದುಬಾರಿಯಾಗುವುದರಿಂದ ಹೇಳಿಬಿಡುತ್ತೇನೆ. 5 ಲಕ್ಷದ ಆರೋಗ್ಯ ಕಾರ್ಡ್ ಯಾರದು? ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯ. ಇಲ್ಲಿ ಕೇಂದ್ರ ಬರುವುದು ಮುಖ್ಯವಾಗಿ ಹಣದ ದಾರಿಯಲ್ಲಿ. 2018ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಬಂತು, ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. 60:40ರ ಪಾಲಿನಲ್ಲಿ ಕೇಂದ್ರ ಹಣ ಕೊಡುವುದು 2011ರ ಸಾಮಾಜಿಕ, ಆರ್ಥಿಕ ಗಣತಿಯ ಪಟ್ಟಿಗೆ ಸೇರಿದ ಕುಟುಂಬಗಳಿಗೆ. ಅದರ ಹೊರಗಿನವರನ್ನು ರಾಜ್ಯ ಸೇರಿಸಿಕೊಂಡರೆ ಖರ್ಚು ರಾಜ್ಯದ್ದೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಕಾರ್ಡ್ ಇದೆ, ಇನ್ನು ಚಿಂತೆಯಿಲ್ಲ ಎಂದುಕೊಂಡ ಎಪಿಎಲ್ ಮನೆಯವರು ಬಿಲ್ ಕೌಂಟರಿನ ಮುಂದೆ ಕಂಗಾಲಾಗುವುದು ಇದರಿಂದಲೇ.

ಇನ್ನೊಂದು ವಿಷಯ. ತುರ್ತು ಅಲ್ಲದ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ಅನ್ವಯಿಸುವುದಿಲ್ಲ ಎನ್ನಬಹುದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಕೊಡುತ್ತಾರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೆರವಾಗುವ ಯೋಜನೆಯ ಸಿಬ್ಬಂದಿ, ಅಂದರೆ ಆರೋಗ್ಯಮಿತ್ರ, ಎಲ್ಲಿ ಕೂರುತ್ತಾರೆಂದು ಕೇಳಿ, ಮುಂಗಡ ಕಟ್ಟುವ ಮೊದಲೇ ಅವರ ಹತ್ತಿರ ಹೋಗಿ. ಆಧಾರ್, ಪಡಿತರ ಚೀಟಿ ಕೈಯಲ್ಲಿರಲಿ.