ಪೆಟ್ರೋಲ್ ಪ್ರೆಶರ್ ಜಾಸ್ತಿನಾ? ಮೊದಲು ರಿಟರ್ನ್ ಪೈಪ್ ನೋಡಿ

ಮಳೆಗಾಲ ಮುಗಿದು ಶೆಡ್ಡಿನಿಂದ ಹೊರಬಂದ ಹಳೇ ಇಂಜೆಕ್ಷನ್ ಕಾರುಗಳು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಹೆಚ್ಚಾಗಿ ಒಂದೇ ದೂರು ಹೊತ್ತು ಬರುತ್ತವೆ. ಕರಿ ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಇಲ್ಲ. ಪ್ಲಗ್ ಬಿಚ್ಚಿದರೆ ಬರೀ ಮಸಿ. ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಹೋಗಿದೆ, ಇಲ್ಲಾಂದ್ರೆ ಕಂಪ್ಯೂಟರ್ ಹೋಗಿದೆ ಅಂತ ಯಾರೋ ಹೇಳಿರುತ್ತಾರೆ. ಅಷ್ಟು ಬೇಗ ದುಡ್ಡು ಸುರಿಯಬೇಡಿ. ಮೊದಲು ಪ್ರೆಶರ್ ಗೇಜ್ ಹಾಕಿಸಿ.

ಬಾಷ್ ಕಂಪನಿ 1970ರ ದಶಕದಲ್ಲಿ ತಂದ ಎಲ್-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ಸಿಸ್ಟಮ್ ಮತ್ತು ಅದೇ ಜಾತಿಯ ಸಿಸ್ಟಮ್‌ಗಳ ಮಾತು ಇದು. ಇವುಗಳಲ್ಲಿ ಪಂಪ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ತಳ್ಳುತ್ತದೆ. ರೆಗ್ಯುಲೇಟರ್ ಬೇಕಾದಷ್ಟು ಪ್ರೆಶರ್ ಉಳಿಸಿಕೊಂಡು ಮಿಕ್ಕಿದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬಿಡುತ್ತದೆ. ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಏರುತ್ತೆ ಅಲ್ವಾ, ಇಲ್ಲೂ ಹಾಗೇ. ಪ್ರೆಶರ್ ಎಷ್ಟಿದೆ ಅಂತ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಇಂಜೆಕ್ಟರನ್ನು ಇಷ್ಟು ಹೊತ್ತು ತೆರೆ ಅಂತಷ್ಟೇ ಅದು ಹೇಳುತ್ತದೆ. 2.5 ಬಾರ್ (ಪ್ರೆಶರ್ ಅಳೆಯುವ ಲೆಕ್ಕ) ಇರಬೇಕಾದದ್ದು 3.5 ಆದರೆ, ಅಷ್ಟೇ ಹೊತ್ತಿನಲ್ಲಿ ಸುಮಾರು ಶೇ. 18ರಷ್ಟು ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತದೆ.

ಗೇಜ್ ಹಾಕುವಾಗ ಇಂಜಿನ್ ತಣ್ಣಗಿರಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಲೈನಿನಲ್ಲಿ ಉಳಿದ ಪ್ರೆಶರಿಗೆ ಪೆಟ್ರೋಲ್ ಚಿಮ್ಮುತ್ತದೆ, ಬಟ್ಟೆ ಸುತ್ತಿ ನಿಧಾನ ಬಿಚ್ಚಿ. ಇಂಜಿನ್ ಆಫ್ ಇಟ್ಟು ಪಂಪ್ ಮಾತ್ರ ಓಡಿಸಿದರೆ ಮಾಡೆಲ್ ನೋಡಿಕೊಂಡು 2.5 ಅಥವಾ 3 ಬಾರ್ ಬರಬೇಕು. ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಅರ್ಧ ಬಾರ್ ಇಳಿಯಬೇಕು. ಇಳಿಯಲಿಲ್ಲವೇ? ಇಂಜಿನ್ ಗಾಳಿ ಎಳೆಯುವ ಸೆಳೆತವನ್ನು ರೆಗ್ಯುಲೇಟರಿಗೆ ಮುಟ್ಟಿಸಿ ಪ್ರೆಶರ್ ಇಳಿಸುವ ವ್ಯಾಕ್ಯೂಮ್ ಹೋಸ್ ನೋಡಿ. ಬಿರುಕು ಬಿಟ್ಟಿರಬಹುದು, ಕಳಚಿರಬಹುದು. ಹೋಸಿನೊಳಗೆ ಪೆಟ್ರೋಲ್ ಪಸೆ ಕಂಡರೆ ರೆಗ್ಯುಲೇಟರ್ ಒಳಗಿನ ಪೊರೆ (ಡಯಾಫ್ರಮ್) ಹರಿದಿದೆ, ರೆಗ್ಯುಲೇಟರ್ ಬದಲಾಯಿಸಲೇಬೇಕು.

ಇಂಜಿನ್ ಆಫ್ ಇದ್ದಾಗಲೇ ಪ್ರೆಶರ್ ಜಾಸ್ತಿ ಇದ್ದರೆ ರೆಗ್ಯುಲೇಟರ್ ಹತ್ತಿರ ರಿಟರ್ನ್ ಹೋಸ್ ಬಿಚ್ಚಿ, ಬೇರೆ ಹೋಸ್ ಹಾಕಿ ಒಂದು ಕ್ಯಾನಿಗೆ ಬಿಡಿ. ಗೇಜ್ ಸರಿಯಾದ ಲೆಕ್ಕಕ್ಕೆ ಇಳಿದರೆ ರೆಗ್ಯುಲೇಟರ್ ಚೆನ್ನಾಗಿದೆ, ಹಿಂದೆ ಹೋಗುವ ಪೈಪ್ ಕಟ್ಟಿದೆ. ಇಳಿಯದಿದ್ದರೆ ರೆಗ್ಯುಲೇಟರೇ ಕೆಟ್ಟಿದೆ, ಇಲ್ಲವೇ ಬೇರೆ ಕಾರಿನದ್ದು ಹಾಕಿದ್ದಾರೆ. ನನ್ನ ಪ್ರಕಾರ ಈ ಒಂದು ಪರೀಕ್ಷೆ ಮಾಡದೆ ಯಾರೂ ಪಾರ್ಟ್ ಆರ್ಡರ್ ಮಾಡಬಾರದು. ಹಳೇ ಕಾರಿನ ರೆಗ್ಯುಲೇಟರ್ ಹುಡುಕಿ ತರಿಸುವುದು ಸುಲಭವಲ್ಲ.

ನಮ್ಮ ಮಲೆನಾಡಿನಲ್ಲಿ ಪೈಪ್ ಕಟ್ಟಲು ಕಾರಣಗಳು ಬಹಳ. ತೇವಕ್ಕೆ ಟ್ಯಾಂಕಿನಲ್ಲಿ ತುಕ್ಕು ಬರುತ್ತದೆ. ಎಸ್ಟೇಟ್ ರಸ್ತೆಯ ಕಲ್ಲು ಬಡಿದು ಅಥವಾ ಜಾಕ್ ತಪ್ಪು ಜಾಗಕ್ಕೆ ಕೂತು ಕಬ್ಬಿಣದ ಪೈಪ್ ಚಪ್ಪಟೆಯಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ಒಳಗೊಳಗೇ ಊದಿಕೊಳ್ಳುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಕಾರಿನಲ್ಲಿ ಟ್ಯಾಂಕ್ ಬಿಚ್ಚಿ ಪೈಪಿನ ಬಾಯಿ ಮುಚ್ಚದೆ ಇಟ್ಟಿದ್ದರು. ಸಣ್ಣ ತಂತಿ ಹಾಕಿ ಕೆದಕಿದಾಗ ಪುಡಿಪುಡಿ ಒಣಮಣ್ಣು ಬಂತು, ಜೊತೆಗೆ ಜೇಡದ ಕಾಲುಗಳು. ಕಣಜ ಒಳಗೇ ಗೂಡು ಕಟ್ಟಿತ್ತು! ಬಿಚ್ಚಿದ ಪೈಪಿಗೆ ತಕ್ಷಣ ಮುಚ್ಚಳ ಹಾಕಿ.

ರಿಪೇರಿ ಆದ ಮೇಲೆ ಇಂಜಿನ್ ಆಯಿಲ್ ಬದಲಾಯಿಸುವುದನ್ನು ಮರೆಯಬೇಡಿ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದಿರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ. ನಿಮ್ಮದು ಹಳೇ ಮರ್ಸಿಡಿಸ್‌ನಂತೆ ಕೆ-ಜೆಟ್ರಾನಿಕ್ ಎಂಬ ಬಾಷ್‌ನದೇ ಬೇರೆ ಸಿಸ್ಟಮ್ ಇರುವ ಕಾರಾದರೆ ಈ ಲೆಕ್ಕಗಳು ಬೇಡ. ಅದರ ಪ್ರೆಶರ್ ಸುಮಾರು 5 ಬಾರ್, ಪರೀಕ್ಷೆಯ ಕ್ರಮವೂ ಬೇರೆ.